ಉಗುರು ಬಣ್ಣದ ನಾಲ್ಕು ಪದರ

ಟಿಕ್ ಎಂದಿತು. ಸದ್ದು ಇಷ್ಟೇ ಇಷ್ಟು. ಬೇರೆ ಯಾರಾದರೂ ಆಗಿದ್ದರೆ ಚಮಚ ಬಸಿಗೆ ತಗುಲಿತೆಂದುಕೊಂಡು ಪತ್ರಿಕೆಯ ಪುಟ ತಿರುಗಿಸಿಬಿಡುತ್ತಿದ್ದರು. ಅವನೂ ಪುಟ ತಿರುಗಿಸಿದ, ಆದರೆ ಗೊತ್ತಿದ್ದೇ ತಿರುಗಿಸಿದ. ಇಪ್ಪತ್ತೆರಡು ವರ್ಷ ಹಲ್ಲಿನ ಕ್ಯಾಪು ಮಾಡಿಕೊಂಡೇ ಬಂದವನಿಗೆ, ಕೂತ ಕ್ಯಾಪು ಕೂದಲೆಳೆಯಷ್ಟು ಮೇಲೆದ್ದು ಮತ್ತೆ ಕೂತರೆ ಯಾವ ಸದ್ದು ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದುರಿಗೆ ಕೂತಿದ್ದ ಹೆಂಡತಿ ಸೇಬಿನ ಹೋಳನ್ನು ಎಡಗಡೆಯ ದವಡೆಗೆ ಸಾಗಹಾಕಿ, ಬಲಗೆನ್ನೆಯನ್ನು ಒಳಗಿನಿಂದ ನಾಲಿಗೆಯಲ್ಲಿ ಒತ್ತಿಕೊಂಡಳು. ಮತ್ತೆ ಟಿಕ್. ಬಲಗಡೆ, ಕೆಳಗೆ, ಹಿಂದಿನಿಂದ ಎರಡನೆಯದು. ಆ ಕ್ಯಾಪನ್ನು ಮಾಡಿದವನು ಅವನೇ. ಮೂರು ತಿಂಗಳಿಂದ ಈ ಮನೆಯಲ್ಲಿ ಬೆಳಗಿನ ತಿಂಡಿ ಹೀಗೆ ನಡೆದಿತ್ತು: ಅವಳು ಎಡಗಡೆ ಅಗಿಯುವುದು, ಅವನು ಬಲಗಡೆಯ ಪುಟ ಓದುವುದು. ಅವಳಾಗಿ ಹೇಳುವುದಿಲ್ಲ, ಅವನಾಗಿ ಕೇಳುವುದಿಲ್ಲ. ಕೇಳಿದರೆ ಅವಳು ಹೌದು ಅನ್ನಬೇಕಾಗುತ್ತದೆ. ಊರಿನ ಅರ್ಧ ಜನ ತನ್ನ ಕ್ಯಾಪಿನಲ್ಲಿ ಅಗಿಯುತ್ತಿದ್ದಾರೆಂದು ಮದುವೆಮನೆಗಳಲ್ಲಿ ಭಾವಮೈದುನನಿಗೆ ಹೇಳಿಕೊಳ್ಳುವ ಮನುಷ್ಯ, ಕಟ್ಟಿಕೊಂಡ ಹೆಂಡತಿಯ ಒಂದು ಹಲ್ಲನ್ನು ಸರಿಯಾಗಿ ಮುಚ್ಚಲಾಗದವನು ಎಂದಾಗುತ್ತದೆ. ಆದರೆ ಈ ಹೊತ್ತು ಕೇಳಲೇಬೇಕಿತ್ತು, ರಾತ್ರಿಯೆಲ್ಲ ಕಾದಿದ್ದ. ಪತ್ರಿಕೆಯನ್ನು ಸ್ವಲ್ಪ ಕೆಳಗಿಳಿಸಿ, ಹವಾಮಾನ ವಿಚಾರಿಸುವ ದನಿಯಲ್ಲಿ ಕೇಳಿದ:

"ಅಲ್ಲಾ, ಅವತ್ತು ಡಾಕ್ಟ್ರು ನಿನ್ನ ಬಾಯಿಗೆ ಒತ್ತಿದ್ರಲ್ಲ ಪೇಸ್ಟು, ಅದು ಯಾವ ಬಣ್ಣದ್ದು?"

ಅವಳು ಅಗಿಯುವುದನ್ನು ನಿಲ್ಲಿಸಿ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಬೇರೇನನ್ನೋ ಕೇಳುತ್ತಾನೆಂದು ಕಾದಿದ್ದವಳ ಹಾಗೆ.

"ನೇರಳೆ. ಬದನೆಕಾಯಿ ಸಿಪ್ಪೆ ಥರ. ಯಾಕೆ?"

"ಹಸಿರಲ್ವಾ?"

"ಹಸಿರಿಗೂ ನೇರಳೆಗೂ ವ್ಯತ್ಯಾಸ ಗೊತ್ತಾಗಲ್ವೇನ್ರೀ ನಂಗೆ? ಹತ್ತು ನಿಮಿಷ ಬಾಯಿ ತುಂಬ ಇಟ್ಕೊಂಡು ಎದುರುಗಡೆ ಕನ್ನಡಿ ನೋಡ್ತಾ ಕೂತಿದ್ದೆ."

ಸರಿ ಎಂದು ಅವನು ಪತ್ರಿಕೆಯನ್ನು ಮೇಲೆತ್ತಿದ. ಅಕ್ಷರಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನೇರಳೆ. ಹಾಗಿದ್ದರೆ ನಿನ್ನೆಯಿಂದ ಕಾಡುತ್ತಿದ್ದ ಅನುಮಾನ ಸುಮ್ಮನಲ್ಲ. ನಿನ್ನೆ ಮಧ್ಯಾಹ್ನ ಡಾಕ್ಟರು ಲ್ಯಾಬಿಗೆ ಫೋನು ಮಾಡಿದ್ದರು. ಅವರು ಫೋನು ಮಾಡುವುದೇ ಅಪರೂಪ, ಮಾಡಿದರೆ ಎದ್ದು ನಿಂತು ಮಾತಾಡುವುದು ಅವನ ರೂಢಿ. ಅವರಿಗೆ ಕಾಣುವುದಿಲ್ಲ ಎಂಬುದು ಬೇರೆ ಮಾತು. "ಏನ್ರೀ, ಒಂದು ಗುಟ್ಟು ಹೇಳ್ತೀನಿ, ಇನ್ನು ಹೇಳ್ಬಹುದು. ಆರು ತಿಂಗಳಿಂದ ನಿಮ್ಮನ್ನಿಟ್ಕೊಂಡು ಒಂದು ಪ್ರಯೋಗ ಮಾಡ್ತಿದ್ದೆ. ಇಪ್ಪತ್ತು ಹಲ್ಲು. ಹತ್ತಕ್ಕೆ ನಮ್ಮ ಹಳೇ ಪೇಸ್ಟಲ್ಲಿ ಅಚ್ಚು ತೆಗ್ದಿದೀನಿ, ಇನ್ ಹತ್ತಕ್ಕೆ ಈಗ ಎಲ್ರೂ ಕುಣೀತಿದಾರಲ್ಲ, ಆ ಹೊಸ ಪೇಸ್ಟಲ್ಲಿ. ಯಾವುದು ಯಾವುದು ಅಂತ ನಿಮಗೆ ಬೇಕಂತಲೇ ಹೇಳಿರ್ಲಿಲ್ಲ. ನೀವು ಏನೂ ಗೊತ್ತಿಲ್ದೆ ಎಲ್ಲಾ ಒಂದೇ ಥರ ಮಾಡ್ಬೇಕು, ಹಾಗಾದ್ರೇ ಅಲ್ವಾ ಶಾಸ್ತ್ರ? ಈಗ ಕೇಳಿ. ಹಳೇದರ ಹತ್ತೂ ಹುಟ್ಟಿದ ಹಲ್ಲಿನ ಹಾಗೆ ಕೂತಿವೆ. ಹೊಸದರ ಹತ್ತೂ ಗಡಗಡ! ಡಬ್ಬಿ ಮೇಲೆ ಬರ್ಕೊಂಡಿದಾರೆ, ಕುಗ್ಗೋದೇ ಇಲ್ಲವಂತೆ. ನಾಳೆ ಐದು ಗಂಟೆಗೆ ಸಂಘದಲ್ಲಿ ಉಪನ್ಯಾಸ ಇಟ್ಕೊಂಡಿದೀನಿ. ಊರಿನ ಹಲ್ಲಿನ ಡಾಕ್ಟ್ರುಗಳೆಲ್ಲ ಬರ್ತಾರೆ. ನೀವು ಬಂದು ಮುಂದಿನ ಸಾಲಲ್ಲಿ ಕೂತ್ಕೋಬೇಕು." ಅವನು ನಿಂತುಕೊಂಡೇ ಬಹಳ ಸಂತೋಷ ಸಾರ್ ಅಂದ. ಫೋನು ಇಟ್ಟ ಮೇಲೆ ಕೂತ. ಡಾಕ್ಟರು ಹೇಳಿದ್ದರಲ್ಲಿ ಒಂದು ಮಾತು ಅಕ್ಷರಶಃ ನಿಜವಾಗಿತ್ತು: ಏನೂ ಗೊತ್ತಿಲ್ಲದೆ ಇಪ್ಪತ್ತನ್ನೂ ಅವನು ಒಂದೇ ಥರ ಮಾಡಿದ್ದ. ಅನಾಹುತ ಆಗಿರುವುದೇ ಅಲ್ಲಿ.

ಲ್ಯಾಬು ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ಪ್ಲಾಸ್ಟರಿನ ಧೂಳು, ಒಳಗಿನದರಲ್ಲಿ ಇನ್ನಷ್ಟು ಪ್ಲಾಸ್ಟರಿನ ಧೂಳು ಮತ್ತು ಒಂದು ಕುಲುಮೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನ ಬಾಯಿಗಳು ಸಾಲಾಗಿ ತೆರೆದುಕೊಂಡು ಕೂತಿದ್ದವು. ಬೀದಿಯಲ್ಲಿ ಯಾರಾದರೂ ನಕ್ಕರೆ ಅವನಿಗೆ ಮುಖಕ್ಕಿಂತ ಮುಂಚೆ ಹಲಗೆ ನೆನಪಾಗುತ್ತಿತ್ತು: ಮೂರನೆಯ ಸಾಲು, ಎಡದಿಂದ ಆರು. ಇವತ್ತು ಒಳಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಹಲಗೆಯ ಮೇಲಿನ ಸಣ್ಣ ಬಾಟಲಿಗಳ ಮುಂದೆ ನಿಂತ. ತಿಳಿಗುಲಾಬಿ, ಕಡುಗೆಂಪು, ಮುತ್ತಿನ ಬಣ್ಣ, ಇನ್ನೊಂದಕ್ಕೆ ಹೆಸರೇ ಇಲ್ಲ, ಹೆಂಡತಿ ಅದನ್ನು ಸುಟ್ಟ ಇಟ್ಟಿಗೆ ಅನ್ನುತ್ತಿದ್ದಳು. ಎಲ್ಲವೂ ಹೆಂಗಸರು ಉಗುರಿಗೆ ಹಚ್ಚಿಕೊಳ್ಳುವ ಬಣ್ಣ. ಡಾಕ್ಟರು ಹಲ್ಲಿನ ಮೇಲೆ ಪೇಸ್ಟು ಒತ್ತಿ ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ಪ್ಲಾಸ್ಟರು ಸುರಿದರೆ ಕಲ್ಲಿನ ಹಲ್ಲು ಆಗುತ್ತದೆ, ಆ ಕಲ್ಲಿನ ಹಲ್ಲಿನ ಮೇಲೆ ಅವನು ಕ್ಯಾಪು ಕಟ್ಟುತ್ತಾನೆ. ಕಟ್ಟುವ ಮುಂಚೆ ಕಲ್ಲಿಗೆ ಎರಡು ಸಲ ಈ ಬಣ್ಣ ಬಳಿಯಬೇಕು. ಹಾಗೆ ಬಳಿದರೆ ಕ್ಯಾಪಿನ ಒಳಗೆ ಒಂದಿಷ್ಟು ಜಾಗ ಸಿಗುತ್ತದೆ, ಅಂಟು ಹೋಗಿ ಕೂರಲು. ಅದಕ್ಕೆಂದೇ ಬೇರೆ ಬಣ್ಣ ಮಾರುತ್ತಾರೆ. ಆದರೆ ಉಗುರು ಬಣ್ಣ ತೆಳ್ಳಗೆ ಹರಡುತ್ತದೆ, ಬೇಗ ಒಣಗುತ್ತದೆ, ಒಂದು ಪದರ ಅಂದರೆ ಕೂದಲಿನ ದಪ್ಪದ ಎಂಟರಲ್ಲಿ ಒಂದು ಪಾಲು, ಹೆಚ್ಚಿಲ್ಲ ಕಡಿಮೆಯಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಅವನ ಪ್ಯಾಂಟಿನ ಜೇಬಿನಲ್ಲಿ ಅರ್ಧ ಖಾಲಿಯಾದ ಗುಲಾಬಿ ಬಾಟಲಿ ಸಿಕ್ಕಿತ್ತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಅವನು ಗುಲಾಬಿ ಬಳಿದ ಒಂದು ದವಡೆ ಹಲ್ಲನ್ನು ತಂದು ಅವಳ ಮುಂದಿಟ್ಟು, ಇಕೋ ಇವಳೇ ಅಂದಾಗ ಅವಳು ನಕ್ಕ ನಗು ಇನ್ನೂ ಅವನ ಕಿವಿಯಲ್ಲಿತ್ತು. ಆಗ ಅವಳ ಬಾಯಲ್ಲಿ ಎಲ್ಲ ಹಲ್ಲೂ ಅವಳವೇ. ಅಂದಿನಿಂದ ತಾನು ಹಚ್ಚಿಕೊಂಡು ಬೇಜಾರಾದ ಬಾಟಲಿಗಳನ್ನೆಲ್ಲ ಅವಳು ಲ್ಯಾಬಿಗೇ ಕೊಡುತ್ತಿದ್ದಳು. ಅವಳ ದವಡೆಯ ಮೇಲೆ ಈಗ ಟಿಕ್ ಅನ್ನುತ್ತಿರುವ ಕ್ಯಾಪಿನ ಒಳಗಿನ ಜಾಗ ಅವಳದೇ ಸುಟ್ಟ ಇಟ್ಟಿಗೆಯದು. ಎರಡು ಪದರದ್ದಲ್ಲ, ನಾಲ್ಕರದ್ದು.

ಈ ನಾಲ್ಕರ ಕತೆ ಡಾಕ್ಟರಿಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಹದಿನೆಂಟು ವರ್ಷದ ಹಿಂದೆ ಈ ಡಾಕ್ಟರಿಂದ ಕೆಲಸ ಹೊಸದಾಗಿ ಸಿಕ್ಕಾಗ ಮೊದಲ ಮೂರು ಕ್ಯಾಪುಗಳೂ ಬಿಗಿಯಾದವು. ಡಾಕ್ಟರು ಖುದ್ದಾಗಿ ಲ್ಯಾಬಿಗೆ ಬಂದು, ಕರವಸ್ತ್ರದಿಂದ ಸ್ಟೂಲಿನ ಧೂಳು ಒರೆಸಿ, ಆದರೂ ಕೂರದೆ, "ನಿಮ್ಮ ಕೈ ಬಿಗಿ ಕಣ್ರೀ" ಅಂದಿದ್ದರು. ಕೈ ಬಿಗಿಯಿರಲಿಲ್ಲ. ಅಚ್ಚು ಕುಗ್ಗುತ್ತಿತ್ತು. ಡಾಕ್ಟರ ಆ ಹಳೆಯ ಹಸಿರು ಪೇಸ್ಟು ಬಾಯಿಂದ ಹೊರಗೆ ಬಂದ ಗಳಿಗೆಯಿಂದ ಕುಗ್ಗಲು ಶುರುಮಾಡುತ್ತದೆ. ಅದನ್ನು ಹಿಡಿದಿಡಲು ಪೇಸ್ಟು ತುಂಬುವ ಟ್ರೇಗೆ ಮೊದಲೇ ಒಂದು ಅಂಟು ಹಚ್ಚಬೇಕು, ತಡಮಾಡದೆ ಪ್ಲಾಸ್ಟರು ಸುರಿಯಬೇಕು. ಡಾಕ್ಟರು ಅಂಟು ಹಚ್ಚುವುದು ಕೈಲಾಗದವರ ಕೆಲಸ ಅಂದುಕೊಂಡಿದ್ದರು. ಪ್ಲಾಸ್ಟರನ್ನಂತೂ ಬೇರೆಯವರ ಕೈಗೆ ಕೊಡದೆ ತಾವೇ ಸುರಿಯುತ್ತಿದ್ದರು, ಮಾರನೆಯ ಬೆಳಿಗ್ಗೆ, ಸ್ನಾನ ಮಾಡಿ, ಮನಸ್ಸು ಸಮಾಧಾನವಾಗಿರುವಾಗ. ಅಷ್ಟರಲ್ಲಿ ಅಚ್ಚು ಕಿಟಕಿಯ ಅಂಚಿನಲ್ಲಿ ಒಂದು ಇಡೀ ರಾತ್ರಿ ಕೂತು, ಎಷ್ಟು ಬೇಕೋ ಅಷ್ಟು ಕುಗ್ಗಿ, ಅವರಷ್ಟೇ ಸಮಾಧಾನವಾಗಿರುತ್ತಿತ್ತು. ಅದನ್ನು ಅಂದೇ ಹೇಳಬಹುದಿತ್ತು. ಹೇಳಲು ಬಾಯಿ ತೆರೆದಿದ್ದ ಕೂಡ. ಆದರೆ ಡಾಕ್ಟರು ನಿಂತಿದ್ದರು, ಅವನು ನಿಂತಿದ್ದ, ನಡುವೆ ಒರೆಸಿದ ಸ್ಟೂಲು ಖಾಲಿಯಿತ್ತು. ಇಂಥ ಮಾತನ್ನು ಯಾರಾದರೊಬ್ಬರು ಕೂತಿದ್ದರೆ ಹೇಳಬಹುದೇ ಹೊರತು ಹೀಗಲ್ಲ. "ಸರಿ ಮಾಡ್ಕೊಳ್ತೀನಿ ಸಾರ್" ಅಂದುಬಿಟ್ಟ. ಮುಂದಿನದಕ್ಕೆ ಮೂರು ಸಲ ಬಳಿದ. ಅದರ ಮುಂದಿನದಕ್ಕೆ ನಾಲ್ಕು. ನಾಲ್ಕನೆಯ ಪದರಕ್ಕೆ ಕ್ಯಾಪು ಹೂವಿನ ಹಾಗೆ ಹೋಗಿ ಕೂತಿತು. "ನೋಡಿದ್ರಾ," ಅಂದರು ಡಾಕ್ಟರು, "ನಾನು ಒಂದು ಮಾತು ಹೇಳಿದ ಮೇಲೆ ನಿಮ್ಮ ಕೈ ಹದಕ್ಕೆ ಬಂತು."

ಆಮೇಲೆ ಹದಿನೆಂಟು ವರ್ಷ. ಡಾಕ್ಟರ ಕೂದಲು ಬೆಳ್ಳಗಾಗಿ, ಅವರ ಅಚ್ಚು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ ಎಂಬುದು ಊರಿಗೆಲ್ಲ ತಿಳಿದ ಸಂಗತಿಯಾಗಿ, ಕೊನೆಗೆ ಅವರಿಗೂ ತಿಳಿದುಬಂದಿತ್ತು. ಈಗ ಅವನು ಲ್ಯಾಬಿನ ಕಿಟಕಿಯ ಬಳಿ ಕೂತು ಕಲ್ಲಿನ ಹಲ್ಲೊಂದನ್ನು ಬೆರಳುಗಳ ನಡುವೆ ಸುಮ್ಮನೆ ತಿರುಗಿಸುತ್ತಿದ್ದ. ಡಾಕ್ಟರ ಮರ್ಯಾದೆ ಉಳಿಸಿದೆ ಎಂದು ಇಷ್ಟು ದಿನ ಹೇಳಿಕೊಂಡದ್ದು ನಿಜವೇ ಆಗಿದ್ದರೆ ಇವತ್ತು ಇಷ್ಟು ಹೆದರಿಕೆ ಯಾಕೆ? ನಿಜವೆಂದರೆ ಅವರು ಒಂದೊಂದು ಸಲ "ನನ್ನ ಕೈ" ಅಂದಾಗಲೂ ಅವನ ಒಳಗೆ ಯಾರೋ ಕಾಲುಚಾಚಿ ಕೂತು ನಗುತ್ತಿದ್ದರು. ಆ ನಗುವನ್ನು ಅವನು ಸಾಕಿದ್ದ. ಹಸಿವಾದಾಗ ಅದಕ್ಕೆ ಡಾಕ್ಟರ ಒಂದು ಮಾತನ್ನು ಹಾಕುತ್ತಿದ್ದ. ಈಗ ಹೇಳಿಬಿಟ್ಟರೆ ಅದೂ ಹೋಯಿತು, ಅವರ ಕೆಲಸವೂ ಹೋಯಿತು. ಲ್ಯಾಬಿನ ಅರ್ಧ ಕೆಲಸ ಅವರದೇ, ಉಳಿದರ್ಧ ಊರಿನ ಮಿಕ್ಕ ಡಾಕ್ಟರುಗಳದು. ಹೇಳದಿದ್ದರೆ ಇವತ್ತು ಐದು ಗಂಟೆಗೆ ಅವರು ನಲವತ್ತು ಡಾಕ್ಟರುಗಳ ಮುಂದೆ ನಿಂತು, ಕುಗ್ಗುವ ಪೇಸ್ಟೇ ಸರಿ ಕುಗ್ಗದ ಪೇಸ್ಟೇ ತಪ್ಪು ಎಂದು ಸಾಧಿಸುತ್ತಾರೆ. ಸಾಕ್ಷಿಗೆ ಇಪ್ಪತ್ತು ಹಲ್ಲು. ಕುಗ್ಗದ ಅಚ್ಚಿನ ಕಲ್ಲಿಗೆ ಕುಗ್ಗಿದ ಅಚ್ಚಿನ ಲೆಕ್ಕದಲ್ಲಿ ನಾಲ್ಕು ಪದರ ಬಳಿದರೆ ಕ್ಯಾಪು ಗಡಗಡ ಅನ್ನದೆ ಇನ್ನೇನು ಮಾಡುತ್ತದೆ? ಆ ಹತ್ತನ್ನೂ ಡಾಕ್ಟರು ಸದ್ಯಕ್ಕೆಂದು ಸುಲಭವಾಗಿ ಬಿಡುವ ಅಂಟಿನಲ್ಲಿ ಕೂರಿಸಿಟ್ಟಿದ್ದರು, ಉಪನ್ಯಾಸ ಮುಗಿದ ಮೇಲೆ ಹಳೆಯ ಪೇಸ್ಟಿನಲ್ಲೇ ಮತ್ತೆ ಮಾಡಲು. ಊರಿನಲ್ಲಿ ಹತ್ತು ಬಾಯಿಗಳು ಒಂದೇ ಕಡೆ ಅಗಿಯುತ್ತಿದ್ದವು. ಅದರಲ್ಲಿ ಒಂದು ಬಾಯಿ ಮನೆಯಲ್ಲೇ ಇತ್ತು.

ಮನುಷ್ಯರ ಅಳತೆಯನ್ನು ಹೀಗೆ ಒಳಗೊಳಗೇ ತಿದ್ದಿಕೊಳ್ಳುವುದು ಅವನಿಗೆ ಮೈಗೆ ಹತ್ತಿಬಿಟ್ಟಿತ್ತು. ಭಾವಮೈದುನ ಹೇಳಿದ್ದನ್ನು ಮೂರರಿಂದ ಭಾಗಿಸುತ್ತಿದ್ದ. ಅಕ್ಕ ಕಾಗದದಲ್ಲಿ ಮೈಗೆ ಹುಷಾರಿಲ್ಲ ಎಂದು ಬರೆದರೆ ಏನೂ ಇಲ್ಲ, ಹುಷಾರಾಗಿದ್ದೇನೆ ಎಂದು ಬರೆದರೆ ಮಾತ್ರ ಬಸ್ಸು ಹತ್ತುತ್ತಿದ್ದ. ಮನೆಯ ಗೋಡೆ ಗಡಿಯಾರವನ್ನು, ಎಲ್ಲಿಗೆ ಹೊರಟರೂ ತಡಮಾಡುವ ಗಂಡನ ಸಲುವಾಗಿ, ಹೆಂಡತಿ ಮದುವೆಯ ವರ್ಷವೇ ಹತ್ತು ನಿಮಿಷ ಮುಂದಿಟ್ಟಿದ್ದಳು. ಅದು ಅವನಿಗೆ ಗೊತ್ತಾದ ದಿನದಿಂದ ನೋಡಿದಾಗಲೆಲ್ಲ ಹತ್ತು ಕಳೆದುಕೊಳ್ಳುತ್ತಿದ್ದ. ಅವಳು ಇಡುವುದು, ಇವನು ಕಳೆಯುವುದು. ಹೀಗೆ ಇಬ್ಬರೂ ಸೇರಿ ಸರಿಯಾದ ಹೊತ್ತಿಗೆ ಬಂದು ಮುಟ್ಟುತ್ತಿದ್ದರು. ಈ ತಿಂಗಳು ಮಾತ್ರ ಬಸ್ಸುಗಳೆಲ್ಲ ಯಾಕೋ ಮುಂಚೆಯೇ ಹೊರಟುಬಿಡುತ್ತಿದ್ದವು. ಕಾಲ ಕೆಟ್ಟಿತು ಅಂದುಕೊಂಡಿದ್ದ.

ಹನ್ನೊಂದಕ್ಕೆ ಫೋನೆತ್ತಿ ಇಟ್ಟ. ಹನ್ನೆರಡಕ್ಕೆ ಎತ್ತಿ ಕ್ಲಿನಿಕ್ಕಿನ ಅಂಕಿ ತಿರುಗಿಸಿದ. ಕೌಂಟರಿನ ಹೆಂಗಸು ಎತ್ತಿಕೊಂಡಳು.

"ಡಾಕ್ಟ್ರ ಹತ್ರ ಒಂದೆರಡು ನಿಮಿಷ ಮಾತಾಡ್ಬೇಕಿತ್ತಮ್ಮ. ಅರ್ಜೆಂಟು."

"ಅಯ್ಯೋ ಅಣ್ಣ, ಇವತ್ತು ದೇವರು ಬಂದ್ರೂ ಟೋಕನ್ ಇಲ್ಲ. ಬೆಳಿಗ್ಗೆಯಿಂದ ಕನ್ನಡಿ ಮುಂದೆ ನಿಂತು ಉಪನ್ಯಾಸ ಒಪ್ಪಿಸ್ತಿದಾರೆ. ಒಬ್ಬ ಪೇಶೆಂಟ್ ಬಾಯಿ ತಕ್ಕೊಂಡು ಕೂತಿದಾನೆ, ಅವನಿಗೂ ಕೇಳಿಸ್ತಿದಾರೆ. ಪಾಪ, ಬಾಯಲ್ಲಿ ಹತ್ತಿ, ಬೇಡ ಅನ್ನೋಕೂ ಆಗಲ್ಲ."

"ಹಾಗಾದ್ರೆ ಯಾವಾಗ ಸಿಗ್ತಾರೆ?"

"ಐದಕ್ಕೆ ಹತ್ತು ನಿಮಿಷ ಇದೆ ಅನ್ನೋವಾಗ ಸಂಘದ ಹಾಲಿಗೆ ಬಂದ್ಬಿಡಿ. ಹಿಂದಗಡೆ ರೂಮಲ್ಲಿ ಒಬ್ರೇ ಇರ್ತಾರೆ. ಐದು ಅಂದ್ರೆ ಐದೇ ಮತ್ತೆ, ಗೊತ್ತಲ್ಲ, ಶುರು ಹಚ್ಕೊಂಡ್ಬಿಡ್ತಾರೆ. ನೀವು ಸ್ವಲ್ಪ ಲೇಟ್ ಅಣ್ಣ, ಬೇಜಾರು ಮಾಡ್ಕೋಬೇಡಿ, ಅದಕ್ಕೇ ಹೇಳ್ದೆ."

ಹತ್ತು ನಿಮಿಷ. ಧಾರಾಳವಾಯಿತು. ಹದಿನೆಂಟು ವರ್ಷದ್ದನ್ನು ಹೇಳಲು ನಾಲ್ಕು ನಿಮಿಷ ಸಾಕು, ಉಳಿದ ಆರು ನಿಮಿಷ ಡಾಕ್ಟರು ಬೈಯಲಿಕ್ಕೆ. ಉಪನ್ಯಾಸವನ್ನು ಮುಂದೂಡಿದ್ದೇವೆ, ಡಾಕ್ಟರಿಗೆ ಗಂಟಲು ಕಟ್ಟಿದೆ ಎಂದು ಯಾರಾದರೂ ಹೇಳಿದರಾಯಿತು. ಅವರ ಗಂಟಲು ಇಂದು ಎಲ್ಲರೂ ನಂಬುವ ಮಟ್ಟಿಗೆ ದುಡಿದಿತ್ತು. ಹೇಳಬೇಕಾದ ಮಾತನ್ನು ಅವನು ಪ್ಲಾಸ್ಟರು ಕಲಸುತ್ತ ಜೋಡಿಸಿಕೊಂಡ. ಸಾರ್, ಒಂದು ಸಣ್ಣ ವಿಷಯ. ಸಣ್ಣದು ಅನ್ನಬಾರದು. ಸಾರ್, ನಿಮ್ಮ ಕೈ ದೊಡ್ಡದು, ಆದರೆ ಪೇಸ್ಟು. ಆದರೆ ಅನ್ನಬಾರದು. ಕಲಸಿದ ಪ್ಲಾಸ್ಟರು ಬಟ್ಟಲಿನಲ್ಲೇ ಗಟ್ಟಿಯಾಯಿತು. ನಾಲ್ಕು ಗಂಟೆಗೆ ಬಾಗಿಲು ಹಾಕಿಕೊಂಡು ಮನೆಗೆ ಬಂದು, ಮುಖ ತೊಳೆದು, ಒಳ್ಳೆಯ ಅಂಗಿ ಹಾಕಿಕೊಂಡು ಗೋಡೆ ನೋಡಿದ. ನಾಲ್ಕೂ ಮೂವತ್ತು. ಅಂದರೆ ನಾಲ್ಕೂ ಇಪ್ಪತ್ತು. ಹಾಲಿಗೆ ನಡೆದರೆ ಇಪ್ಪತ್ತು ನಿಮಿಷ. ಬಹಳ ಮುಂಚೆ ಹೋಗಿ ಹಾಲಿನ ಮುಂದೆ ಕಾಯುತ್ತ ನಿಂತರೆ ತಪ್ಪು ಮಾಡಿದವನಂತೆ ಕಾಣುತ್ತದೆ ಎಂದು ಕುರ್ಚಿಯ ತುದಿಯಲ್ಲಿ ಕೂತ. ಹೆಂಡತಿ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು.

"ಹೊರಡಲ್ವಾ?"

"ಇನ್ನೂ ಟೈಮಿದೆ ಬಿಡೇ."

ಅವಳು ಗಡಿಯಾರ ನೋಡಿದಳು, ಅವನನ್ನು ನೋಡಿದಳು, ಕಾಲುಚೀಲದ ಜೋಡಿ ಹುಡುಕತೊಡಗಿದಳು. ಗಡಿಯಾರದಲ್ಲಿ ನಾಲ್ಕೂ ನಲವತ್ತು ಆದಾಗ ಅವನು ಎದ್ದ. ನಾಲ್ಕೂವರೆಗೆ ಸರಿಯಾಗಿ ಹೊರಟಿದ್ದೇನೆ ಎಂಬ ತೃಪ್ತಿಯಲ್ಲಿ, ಬೇಕರಿಯ ಗಾಜಿನಲ್ಲಿ ಕಾಲರು ಸರಿಮಾಡಿಕೊಂಡು, ರಸ್ತೆ ದಾಟುವಲ್ಲಿ ಅವಸರಪಡದೆ, ಹಾಲಿನ ಮೆಟ್ಟಿಲು ಹತ್ತಿ ಹಿಂದಿನ ಕೋಣೆಯ ಬಾಗಿಲು ತಳ್ಳಿದ. ಅಲ್ಲಿ ಖಾಲಿ ಲೋಟವೊಂದು ಮೇಜಿನ ಮೇಲಿತ್ತು. ಗೋಡೆಯ ಆಚೆಯಿಂದ ಮೈಕಿನಲ್ಲಿ ಡಾಕ್ಟರ ದನಿ ಕೇಳಿತು: "ಮಾನ್ಯರೇ, ಕ್ಯಾಪು ಚೆನ್ನಾಗಿ ಕೂರೋದು ಪೇಸ್ಟಿನಿಂದಲೋ, ಕೈಯಿಂದಲೋ?"

ಅವನ ಕಾಲು ಅವನನ್ನು ಹಾಲಿನೊಳಕ್ಕೆ ಕರೆದುಕೊಂಡು ಹೋಯಿತು. ಮುಂದಿನ ಸಾಲಿನಲ್ಲಿ ಅವನಿಗೆಂದು ಬಿಟ್ಟಿದ್ದ ಒಂದೇ ಕುರ್ಚಿ ಎಲ್ಲರಿಗೂ ಕಾಣುವಂತೆ ಖಾಲಿಯಿತ್ತು. ಅಲ್ಲಿಯವರೆಗೆ ಬಗ್ಗಿಕೊಂಡು ನಡೆದ, ಪರದೆಯ ಮೇಲೆ ಅವನ ತಲೆಯ ನೆರಳು ಬಿದ್ದು ಒಂದು ಬೃಹತ್ ದವಡೆ ಹಲ್ಲನ್ನು ದಾಟಿ ಹೋಯಿತು. ಡಾಕ್ಟರು ಅವನನ್ನು ಕಂಡು ಪ್ರೀತಿಯಿಂದ ತಲೆಯಾಡಿಸಿದರು. ಪ್ರೀತಿ ಅಂದರೆ ನಿಜವಾದ ಪ್ರೀತಿ. ಒಂದಾದ ಮೇಲೊಂದು ಚಿತ್ರ ಬಂತು. ಹಳೆಯ ಪೇಸ್ಟಿನ ಹತ್ತು, ಅಂಚಿನಲ್ಲಿ ಸೂಜಿ ಕೂಡ ಹೋಗದಂಥವು. ಹೊಸ ಪೇಸ್ಟಿನ ಹತ್ತು. ಏಳನೆಯದರ ಬಳಿ ಅವನು ಕಣ್ಣು ತಗ್ಗಿಸಿದ. ಅದು ಯಾರದೆಂದು ಈ ಹಾಲಿನಲ್ಲಿ ಇಬ್ಬರಿಗೇ ಗೊತ್ತು. ಅಷ್ಟು ದೊಡ್ಡದಾಗಿ ಅವಳನ್ನು ಅವನು ಎಂದೂ ನೋಡಿರಲಿಲ್ಲ. ಕ್ಯಾಪಿಗೂ ಒಸಡಿಗೂ ನಡುವೆ ಒಂದು ಕಪ್ಪು ಗೆರೆ, ಪರದೆಯ ಮೇಲೆ ಅಂಗೈ ಅಗಲ. ಈ ಗೆರೆಯನ್ನು ಅವಳು ದಿನಕ್ಕೆ ಮೂರು ಹೊತ್ತು ನಾಲಿಗೆಯಿಂದ ಒತ್ತಿ ಮುಚ್ಚುತ್ತಿದ್ದಳು, ಅವನಿಗೆ ಕೇಳಿಸದಿರಲಿ ಎಂದು. "ಆದ್ದರಿಂದ," ಅಂದರು ಡಾಕ್ಟರು, ಎರಡೂ ಅಂಗೈಗಳನ್ನು ದೀಪಕ್ಕೆ ಹಿಡಿದು, "ಪೇಸ್ಟಲ್ಲ ಸ್ವಾಮಿ, ಇದು." ಚಪ್ಪಾಳೆ ಬಿತ್ತು. ಮುಗಿಯಿತು, ಅಂದುಕೊಂಡ ಅವನು. ಇಷ್ಟು ಚಪ್ಪಾಳೆಯ ಮೇಲೆ ಇನ್ನು ಯಾರೂ ಏನೂ ಹೇಳಲು ಬರುವುದಿಲ್ಲ. ಹಾಗೆ ಅಂದುಕೊಂಡಾಗ ಒಳಗೆ ಕಾಲುಚಾಚಿ ಕೂತಿದ್ದವನು ನೆಮ್ಮದಿಯಿಂದ ಮಗ್ಗುಲು ಬದಲಿಸಿದ್ದೂ ಅವನಿಗೆ ಗೊತ್ತಾಯಿತು.

ಎರಡನೆಯ ಸಾಲಿನಲ್ಲಿ ಒಬ್ಬರು ವಯಸ್ಸಾದ ಹೆಂಗಸು ಕೈ ಎತ್ತಿದ್ದರು. ಅರ್ಧ ಹಾಲಿಗೆ ಪಾಠ ಹೇಳಿ ನಿವೃತ್ತರಾದ ಮೇಡಂ. ಅವರು ಕೈ ಎತ್ತಿದ್ದನ್ನು ಕಂಡು ಐವತ್ತು ದಾಟಿದ ಡಾಕ್ಟರುಗಳು ಕೂಡ ನೆಟ್ಟಗೆ ಕೂತರು.

"ಚೆನ್ನಾಗಿ ಹೇಳ್ದೆ ಕಣಪ್ಪಾ. ಒಂದು ಕೇಳ್ತೀನಿ. ಕಲ್ಲಿನ ಹಲ್ಲಿಗೆ ಲ್ಯಾಬಲ್ಲಿ ಬಣ್ಣ ಎಷ್ಟು ಸಲ ಬಳಿದ್ರು?"

"ಎರಡು ಸಲ ಮೇಡಂ, ಎಲ್ರೂ ಬಳಿಯೋ ಹಾಗೆ. ಅದರಲ್ಲೇನೂ ವ್ಯತ್ಯಾಸ ಇಲ್ಲ."

"ನೀನು ನೋಡಿದೀಯಾ?"

"ನೋಡೋದೇನು ಮೇಡಂ, ಇಲ್ಲೇ ಇದಾರಲ್ಲ." ಡಾಕ್ಟರು ನಗುತ್ತ ಮುಂದಿನ ಸಾಲಿನತ್ತ ಕೈಚಾಚಿದರು. "ಏನ್ರೀ, ಏಳಿ, ಹೇಳಿ ಮೇಡಮ್ಮಿಗೆ."

ಅವನು ಎದ್ದ. ಎರಡು ಅನ್ನುವುದು ಬಹಳ ಸುಲಭದ ಶಬ್ದ. ಮಕ್ಕಳಿಗೂ ಬರುತ್ತದೆ. ಹದಿನೆಂಟು ವರ್ಷ ಸರಿ ಮಾಡ್ಕೊಳ್ತೀನಿ ಸಾರ್ ಅಂದ ಬಾಯಿಗೆ ಇನ್ನೊಂದು ಶಬ್ದ ಭಾರವೇ? ಪರದೆಯ ಮೇಲೆ ಕೊನೆಯ ಚಿತ್ರ ಹಾಗೇ ನಿಂತಿತ್ತು, ಇಪ್ಪತ್ತೂ ಹಲ್ಲು ಎರಡು ಸಾಲಿನಲ್ಲಿ, ಕೆಳಗಿನ ಸಾಲಿನ ಏಳನೆಯದು ಅವನನ್ನೇ ನೋಡುತ್ತಿತ್ತು. ಹಾಲು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಆ ಟಿಕ್ ಅವನಿಗೆ ಅಲ್ಲೂ ಕೇಳಿಸಿತು.

"ನಾಲ್ಕು," ಅಂದ.

ಡಾಕ್ಟರು ನಕ್ಕರು. "ಅವರಿಗೆ ಸಭೆ ಅಂದ್ರೆ ಸ್ವಲ್ಪ ಗಾಬರಿ. ಎರಡು ಅಂತ ಹೇಳ್ತಿದಾರೆ."

"ಬೇರೆಯವರಿಗೆ ಎರಡು ಸಾರ್. ನಿಮಗೆ ನಾಲ್ಕು." ತನ್ನ ದನಿ ಬೇರೆ ಯಾರದೋ ಕೋಣೆಯಿಂದ ಬಂದ ಹಾಗೆ ಕೇಳಿತು. "ಮೊದಲಿನಿಂದಲೂ. ನಿಮ್ಮ ಅಚ್ಚು ರಾತ್ರಿಯೆಲ್ಲ ಕಿಟಕಿ ಹತ್ರ ಇದ್ದು ಕುಗ್ತಿತ್ತು ಸಾರ್. ಅದಕ್ಕೇ ಎರಡು ಜಾಸ್ತಿ ಬಳೀತಿದ್ದೆ. ಹೊಸ ಪೇಸ್ಟು ಕುಗ್ಗಿಲ್ಲ. ನನಗೆ ಗೊತ್ತಾಗ್ಲಿಲ್ಲ. ಅದಕ್ಕೂ ನಾಲ್ಕು ಬಳಿದ್ಬಿಟ್ಟೆ."

ಚಾಚಿದ್ದ ಕೈಯನ್ನು ಏನು ಮಾಡಬೇಕೆಂದು ಡಾಕ್ಟರಿಗೆ ತಿಳಿಯಲಿಲ್ಲ. ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು, ಮೈಕಿನ ಕಂಬ ಹಿಡಿದುಕೊಂಡಿತು. ಮುಖ ಬಿಳಿಚಿ, ಆಮೇಲೆ ಕಿವಿಯಿಂದ ಶುರುವಾಗಿ ಕೆಂಪಾಯಿತು. ಎಲ್ಲೋ ಹಿಂದೆ ಒಬ್ಬರು ಕಿಸಕ್ಕನೆ ನಕ್ಕರು. ನಕ್ಕವರು ಬಸ್ಸು ನಿಲ್ದಾಣದ ಎದುರಿನ ಕ್ಲಿನಿಕ್ಕಿನ ಚೂಪುಗಡ್ಡದ ಡಾಕ್ಟರು. ನಗು ತಡೆಯಲಾರದೆ ಎದ್ದು, ಇಡೀ ಹಾಲಿಗೆ ಕೇಳುವಂತೆ ಅಂದರು:

"ನನಗೆ ಎರಡೇ ತಾನೇ?"

ಅವನಿಗೆ ಒಮ್ಮೆ ನಿಜ ಹೇಳಿದ ಬಾಯನ್ನು ಮುಚ್ಚುವುದು ಹೇಗೆಂದು ತಿಳಿಯಲಿಲ್ಲ. "ನಿಮಗೆ ಮೂರು ಸಾರ್."

"ಏನು?"

"ನೀವು ಪೇಸ್ಟು ಗಟ್ಟಿಯಾಗೋಕೆ ಮುಂಚೆ ತೆಗೀತೀರಿ. ಅವಸರ."

ಈಗ ನಗು ಎದ್ದದ್ದು ಬೇರೆ ಮೂಲೆಯಿಂದ. ಆ ಮೂಲೆಯಲ್ಲೊಬ್ಬರು ನಗುವುದನ್ನು ಅರ್ಧಕ್ಕೇ ನಿಲ್ಲಿಸಿ, ಸ್ವಲ್ಪ ಹೆದರಿಕೆಯಿಂದ, "ಮತ್ತೆ ನಂದು?" ಅಂದರು. ಅವರಿಗೆ ಎರಡು, ಆದರೆ ಎಡಗಡೆಯ ಹಲ್ಲುಗಳಿಗೆ ಮೂರು, ಯಾಕೆಂದರೆ ಅವರು ಟ್ರೇಯನ್ನು ಬಲಕ್ಕೇ ಒತ್ತುತ್ತಾರೆ. ಮಕ್ಕಳ ಹಲ್ಲಿನ ಡಾಕ್ಟರಮ್ಮನಿಗೆ ಒಂದೇ. ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿದ್ದ ಒಂದು ಜೋಡಿಗೆ, ಗಂಡನಿಗೆ ಮೂರು, ಹೆಂಡತಿಗೆ ಎರಡು. ಆಕೆ ಗಂಡನ ಕಡೆ ತಿರುಗಿ "ನಾನು ಹೇಳಿರ್ಲಿಲ್ವಾ" ಅಂದದ್ದು ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. ಕುರ್ಚಿಗಳು ಕಿರುಗುಟ್ಟಿದವು. ನಲವತ್ತು ಜನ ತಮ್ಮ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಅವನು ನಿಂತೇ ಇದ್ದ, ಕೇಳಿದವರಿಗೆ ಕೇಳಿದಷ್ಟು ಹೇಳುತ್ತ, ಹಲಗೆಯ ಮೇಲಿನ ಸಾಲುಗಳನ್ನು ಒಂದೊಂದಾಗಿ ಕೆಳಗಿಳಿಸುತ್ತ. ಒಳಗೆ ಕಾಲುಚಾಚಿದ್ದವನು ಯಾವಾಗ ಎದ್ದು ಹೋದನೋ, ಅವನ ಜಾಗ ಮಾತ್ರ ಬೆಚ್ಚಗಿತ್ತು. ಕೊನೆಗೆ ಮೇಡಂ ಕೋಲು ಕುಟ್ಟಿದರು.

"ಸಾಕು ಮಾಡ್ರೋ. ಹಾಗಾದ್ರೆ ಅಚ್ಚು ಸರಿಯಾಗಿ ತೆಗೆಯೋ ಒಬ್ಬನನ್ನೂ ನಾನು ತಯಾರು ಮಾಡ್ಲಿಲ್ಲ. ಚಹಾ ಕೊಡ್ತಾರೋ ಇಲ್ವೋ?"

ಚಹಾದ ಗದ್ದಲದಲ್ಲಿ ಡಾಕ್ಟರು ಅವನನ್ನು ಹಿಂದಿನ ಕೋಣೆಗೆ ಕರೆದರು. ಆ ಖಾಲಿ ಲೋಟ ಇನ್ನೂ ಅಲ್ಲೇ ಇತ್ತು. ಈ ಸಲ ಅವರು ಕೂತರು. ಕೂತ ಮೇಲೆ ಅವರು ಎಷ್ಟು ಮುದುಕರಾಗಿದ್ದಾರೆಂದು ಅವನಿಗೆ ಕಂಡಿತು.

"ಹದಿನೆಂಟು ವರ್ಷ."

"ಹೌದು ಸಾರ್."

"ಒಳಗೆ ನಗ್ತಿದ್ರಾ?"

ಅವನು ತಿದ್ದಿಕೊಳ್ಳಲು ಹೋದ. ಆಗಲಿಲ್ಲ. "ಸ್ವಲ್ಪ ಸಾರ್."

ಡಾಕ್ಟರು ಲೋಟವನ್ನು ಎತ್ತಿ ಅದರ ತಳ ನೋಡಿದರು. "ಶುರುವಾಗೋಕೆ ಮುಂಚೆ ಬಂದು ಹೇಳ್ಬಹುದಿತ್ತಲ್ರೀ."

"ಹತ್ತು ನಿಮಿಷ ಮುಂಚೇನೇ ಬಂದಿದ್ದೆ ಸಾರ್," ಅಂದ, ಮತ್ತು ಹಾಗೆ ಅನ್ನುವಾಗ, ಮುಂಚೆ ಬಂದೂ ತಡವಾದದ್ದು ಹೇಗೆ ಎಂದು ಅವನಿಗೇ ಹೊಳೆಯಲಿಲ್ಲ.

ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಇನ್ಮೇಲೆ ಕೆಲಸ ನಿಮಗೇ ಕಳಿಸ್ತೀನೋ ಇಲ್ವೋ ಈಗ ಹೇಳಲ್ಲ. ಸಿಟ್ಟಿದೆ. ಸಿಟ್ಟಲ್ಲಿ ಹೇಳ್ಬಾರ್ದು." ಬಾಗಿಲವರೆಗೆ ಹೋಗಿ ಬೆನ್ನು ಹಾಕಿಕೊಂಡೇ ಅಂದರು: "ನಾಳೆ ಬೆಳಿಗ್ಗೆ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ. ಅವರದ್ದೇ ಮೊದಲು ಮಾಡೋಣ. ಮೂರು ತಿಂಗಳಿಂದ ಆಡ್ತಿದೆ ಅಂತ ಎರಡು ಸಲ ಬಂದಿದ್ರು. ನಿಮಗೆ ಹೇಳ್ಬೇಡಿ ಅಂದ್ರು, ನೊಂದ್ಕೋತೀರಿ ಅಂತ." ಮತ್ತೂ ಒಂದು ಹೆಜ್ಜೆ ಹೋಗಿ, ಇನ್ನಷ್ಟು ಸಣ್ಣ ದನಿಯಲ್ಲಿ, "ಟ್ರೇಗೆ ಅಂಟು ಹಚ್ತೀನಿ."

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವನು ಅಂಗಿ ಬಿಚ್ಚದೆ ಗೋಡೆಯ ಮುಂದೆ ನಿಂತ.

"ಈ ಗಡಿಯಾರಕ್ಕೇನಾಗಿದೆ?"

"ಏನೂ ಆಗಿಲ್ಲ. ಸೆಲ್ ಹೋಗಿತ್ತು. ಹೊಸದು ಹಾಕಿದಾಗ ಸರಿಯಾದ ಟೈಮಿಗೇ ಇಟ್ಟೆ. ಒಂದು ತಿಂಗಳಾಯ್ತು."

"ಒಂದು ತಿಂಗಳು! ಒಂದು ಮಾತು ಹೇಳ್ಬಾರ್ದೇನೇ?"

"ತಪ್ಪಿದ್ರೆ ಹೇಳ್ತಾರೆ. ಗಡಿಯಾರ ಸರಿಯಾಗಿದೆ ಅಂತಾನೂ ಹೇಳ್ಬೇಕಾ?" ಅವಳು ನಗಲು ಹೋದಳು. ಟಿಕ್ ಎಂದಿತು. ನಗು ನಿಂತಿತು, ಕೆನ್ನೆಯ ಒಳಗೆ ನಾಲಿಗೆ ಓಡಿತು.

ಅವನು ಕುರ್ಚಿಯಲ್ಲಿ ಕೂತ. "ಅದು ಆಡ್ತಿದೆ ಅಂತ ಯಾಕೆ ಹೇಳ್ಲಿಲ್ಲ?"

ಅವಳು ಕೈ ಒರೆಸುವುದನ್ನು ಮುಗಿಸಿ, ಬಟ್ಟೆಯನ್ನು ಮಡಚಿ ಬಾಗಿಲಿನ ಮೇಲೆ ಹಾಕಿದಳು.

"ಬೆಳಿಗ್ಗೆ ಕೇಳ್ತೀರೇನೋ ಅಂದ್ಕೊಂಡೆ. ಪೇಸ್ಟಿನ ಬಣ್ಣ ಕೇಳಿದ್ರಿ."

ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಎರಡು ಸಲ ಬಾರಿಸಿ ಹೋಯಿತು. ಅವನು ಅಂಗೈ ಚಾಚಿದ. ಕಸುಬಿನ ಅಂಗೈ, ಗೆರೆಗಳಲ್ಲಿ ಪ್ಲಾಸ್ಟರು ತುಂಬಿದ್ದು. ಅವಳು ತಿರುಗಿ ನಿಂತು, ಎರಡು ಬೆರಳಿನಿಂದ ಅದನ್ನು ಸಲೀಸಾಗಿ ಬಿಡಿಸಿಕೊಂಡು, ಸೆರಗಿನಲ್ಲಿ ಒರೆಸಿ ಅವನ ಕೈಯಲ್ಲಿಟ್ಟಳು. ಬೆಚ್ಚಗಿತ್ತು. ದೀಪಕ್ಕೆ ಹಿಡಿದು ಒಳಗೆ ನೋಡಿದ. ಚೆನ್ನಾದ ಕೆಲಸ, ಒಂದು ಗುಳ್ಳೆಯಿಲ್ಲ, ಅಂಚು ಕತ್ತಿಯ ಹಾಗೆ.

"ನೋಯುತ್ತಾ?" ಅಂದ.

"ನೋವೇನೂ ಇಲ್ಲ," ಅಂದಳು ಅವಳು, ಕ್ಯಾಪಿಲ್ಲದ ಕಡೆ ಗಾಳಿ ನುಸುಳಿ ಮಾತು ಸ್ವಲ್ಪ ಮಕ್ಕಳ ಮಾತಾಗಿತ್ತು. "ಒಳಗೆ ಜಾಗ ಜಾಸ್ತಿಯಾಯ್ತು, ಅಷ್ಟೆ."

ಅವನು ಕ್ಯಾಪನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟ. ನಾಳೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಅವಳು ಕೇಳಿದಳು. ಒಂಬತ್ತಕ್ಕೆ ಅಂದ, ಒಂಬತ್ತು ಅಂದರೆ ಒಂಬತ್ತೇ ಅಂದ. ಅಭ್ಯಾಸಬಲದಿಂದ ಕಣ್ಣು ಗೋಡೆಗೆ ಹೋಯಿತು. ಗಡಿಯಾರ ಏಳೂ ಹತ್ತು ತೋರಿಸುತ್ತಿತ್ತು. ಏಳು ಗಂಟೆ, ಅಂದುಕೊಂಡ. ಆಮೇಲೆ, ಬಹಳ ಕಷ್ಟಪಟ್ಟು, ಏಳೂ ಹತ್ತು ಅಂದುಕೊಂಡ.